ನಾಲ್ಕು ಮಳೆಯ ತಾಲೀಮು: ಗಮನ, ಹೊಸತನ, ಮುಂದಾಳುತನ ಬೆಳೆಸಿಕೊಳ್ಳುವ ಬಗೆ

ಅಪ್ಪೆಮಿಡಿಯ (ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿಯ) ಭರಣಿ ಕೆಟ್ಟಿದೆ ಎಂಬುದು ಬಟ್ಟೆ ಬಿಚ್ಚುವ ಮೊದಲೇ ಗೊತ್ತಾಗುತ್ತದೆ. ಬಾಯಿಗೆ ಕಟ್ಟಿದ ಬಟ್ಟೆಗೆ ಮೂಗು ಹಿಡಿದರೆ ಸೊನೆಯ ಘಾಟಿನ ಬದಲು ಹಳಸಿದ ಗಂಜಿಯ ವಾಸನೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ಮೃಗಶಿರಾ ಮಳೆ ಹಿಡಿದ ವಾರ, ಶಿರಸಿ ಬಳಿಯ ನಮ್ಮ ಉಪ್ಪಿನಕಾಯಿ-ಹಪ್ಪಳದ ಗೃಹೋದ್ಯಮದಲ್ಲಿ ಹನ್ನೊಂದು ಭರಣಿಗಳ ಪೈಕಿ ನಾಲ್ಕರಿಂದ ನನಗೆ ಬಂದದ್ದು ಅದೇ ವಾಸನೆ. ಕೈ ಹಾಕಿದರೆ ಮಿಡಿ ಬೆರಳ ಸಂದಿಯಲ್ಲಿ ಜಾರಿ ಹೋಗುತ್ತಿತ್ತು.

ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಮಿಡಿಯನ್ನು ಮರ ಹತ್ತಿ ತೊಟ್ಟಿನ ಸಮೇತ ಕೊಯ್ದು, ಬುಟ್ಟಿಗೆ ಹಾಕಿ ಹಗ್ಗದಲ್ಲಿ ಇಳಿಸಬೇಕು. ನೆಲಕ್ಕೆ ಉದುರಿಸಿದ ಮಿಡಿಗೆ ಒಳಗೆ ಪೆಟ್ಟಾಗಿರುತ್ತದೆ. ಆ ದಿನಕ್ಕೆ ಏನೂ ಕಾಣಿಸುವುದಿಲ್ಲ. ಉಪ್ಪಿನಲ್ಲಿ ಕೂತ ಮೇಲೆ ತಾನೂ ಕೊಳೆತು ಪಕ್ಕದ್ದನ್ನೂ ಕೊಳೆಸುತ್ತದೆ. ಯುಗಾದಿಯ ಹಿಂದಿನ ವಾರ ಆ ಮಾಲು ಬಂದಾಗ, ನಮ್ಮಲ್ಲಿ ಹಲವು ವರ್ಷಗಳಿಂದ ಮಿಡಿ ಆರಿಸುವ ಅಕ್ಕ ಒಬ್ಬರು, "ತಮ್ಮಾ, ಇದು ಉದುರಿಸಿದ ಮಾಲು, ತೊಟ್ಟು ನೋಡು" ಎಂದಿದ್ದರು. ನಾನು ಫೋನಿನಲ್ಲಿ ಹುಬ್ಬಳ್ಳಿಯ ಅಂಗಡಿಯವರ ಜೊತೆ ದರ ಕುದುರಿಸುತ್ತಿದ್ದೆ. "ಹಾಕಿ, ಹಾಕಿ" ಎಂದು ಕೈಸನ್ನೆ ಮಾಡಿದೆ. ಅವರು ಎರಡನೆಯ ಸಲ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದಾಗ, "ಎರಡು ಸಲ ಹೇಳಿದರೆ ನಿನಗೆ ಸಿಟ್ಟು ಬರುತ್ತದಲ್ಲ" ಎಂದರು.

ಆ ವರ್ಷ ಹೋದ ದುಡ್ಡಿಗಿಂತ ಈ ಮಾತೇ ಹೆಚ್ಚು ಚುಚ್ಚಿತು. ಅದಕ್ಕೆ ಹಿಂದಿನ ವರ್ಷವಷ್ಟೇ ನಾನು ಊರಾಚೆ ಹೋಗಿ ಎರಡು ದಿನದ ನಾಯಕತ್ವ ಶಿಬಿರ ಮುಗಿಸಿ ಬಂದಿದ್ದೆ. ಅಲ್ಲಿ ಹಾಳೆಯ ಮೇಲೆ ಕನಸು ಬರೆಸಿದ್ದರು, ಚಪ್ಪಾಳೆ ತಟ್ಟಿಸಿದ್ದರು. ಎದುರಿಗಿರುವ ತೊಟ್ಟು ನೋಡುವುದನ್ನು ಯಾರೂ ಕಲಿಸಿರಲಿಲ್ಲ. ಮುಂದಾಳುತನದಿಂದ ಶುರುಮಾಡಿ ಗಮನಕ್ಕೆ ಬರುವ ದಾರಿ ತಲೆಕೆಳಗಾದದ್ದು ಎಂಬುದು ಆಮೇಲೆ ನನ್ನ ಗಟ್ಟಿ ಅಭಿಪ್ರಾಯವಾಯಿತು. ಮೊದಲು ಗಮನ ಪಳಗಬೇಕು, ಹೊಸತನ ಅದರ ಬೆನ್ನಿಗೆ ಬರುತ್ತದೆ, ಜನರನ್ನು ನಡೆಸುವುದು ಎಲ್ಲಕ್ಕಿಂತ ಕೊನೆಗೆ. ನಾನು ಮಾಡಿ ನೋಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಅಂಗಡಿ, ತೋಟ, ಬೋಟು, ಸಣ್ಣ ಕಚೇರಿ, ಯಾವುದಿದ್ದರೂ ಹೊಂದಿಸಿಕೊಳ್ಳಬಹುದು.

ಯಾವಾಗ, ಏನೇನು ಬೇಕು

ಮಳೆಗಾಲ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಕಡಲು ನಿಷಿದ್ಧ. ಕಾರವಾರದ ಬೈತಖೋಲದಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ. ಘಟ್ಟದ ಮೇಲೆ ಅಡಿಕೆಗೆ ಮೊದಲ ಸಲದ ಬೋರ್ಡೋ ದ್ರಾವಣದ ಸಿಂಪಡಣೆ ಮುಗಿಸಿದ ತೋಟಿಗರು ಕೊಳೆರೋಗ ಬಾರದಿರಲಿ ಎಂದು ಆಕಾಶ ನೋಡುತ್ತಾ ಜಗುಲಿಯಲ್ಲಿ ಕೂರುತ್ತಾರೆ. ಪೇಟೆ ಸಪ್ಪೆ. ಕಲಿಯುವುದಕ್ಕೆ ಇದಕ್ಕಿಂತ ಬಿಡುವು ಸಿಗುವುದಿಲ್ಲ.

ತಾಲೀಮು ನಾಲ್ಕು ಮಳೆ ನಕ್ಷತ್ರಗಳದ್ದು: ಮೃಗಶಿರಾ, ಆರಿದ್ರಾ, ಪುನರ್ವಸು, ಪುಷ್ಯ. ಒಂದೊಂದು ಮಳೆಗೆ ಸುಮಾರು ಹದಿನಾಲ್ಕು ದಿನ ಹಿಡಿದರೆ ಜೂನ್ 8ರ ಸುಮಾರಿನಿಂದ ಆಗಸ್ಟ್ ಮೊದಲ ದಿನಗಳವರೆಗೆ 56 ದಿನ, ಅಂದರೆ ಎಂಟು ವಾರ. ಮೈಂಡ್‌ಫುಲ್‌ನೆಸ್ ಎಂದು ಈಗ ಎಲ್ಲೆಡೆ ಹೆಸರಾಗಿರುವ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ ಅವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಆರಂಭಿಸಿದರು. ಅವರ ಪಾಠಕ್ರಮವೂ ಎಂಟು ವಾರದ್ದೇ. ಬೌದ್ಧರ ಧ್ಯಾನದ ಬೇರಿನಿಂದ ಚಿಗುರಿದ ಆ ಕ್ರಮಕ್ಕೂ ನಮ್ಮ ಮಳೆ ನಕ್ಷತ್ರಗಳಿಗೂ ಸಂಬಂಧವಿಲ್ಲ. ಲೆಕ್ಕ ಕೂಡಿ ಬಂದದ್ದು ನನಗೆ ಖುಷಿ ಕೊಟ್ಟಿತು, ಅಷ್ಟೆ.

ಸಾಮಾನು: ಇನ್ನೂರು ಪುಟದ ನೋಟ್ ಪುಸ್ತಕ, ಪೆನ್ನು, ಅಲಾರಂ ಇರುವ ಗಡಿಯಾರ. ಮೊಬೈಲಿನ ಅಲಾರಂ ಬೇಡ. ಅಲಾರಂ ನಿಲ್ಲಿಸಲು ಹೋದ ಬೆರಳು ವಾಟ್ಸಾಪ್ ತೆರೆಯದೆ ಹಿಂದೆ ಬರುವುದಿಲ್ಲ.

ಮೃಗಶಿರಾ: ಬರೀ ನೋಡುವುದು

ಬೆಳಗಿನ ಚಹಾಕ್ಕೆ ಮೊದಲು ಹತ್ತು ನಿಮಿಷ. ಮಣೆಯಾದರೂ ಸರಿ, ಕುರ್ಚಿಯಾದರೂ ಸರಿ, ಬೆನ್ನು ನೆಟ್ಟಗಿರಲಿ. ಉಸಿರು ಹೊರಹೋಗುವಾಗ ಒಂದು, ಮತ್ತೆ ಹೊರಹೋಗುವಾಗ ಎರಡು, ಹೀಗೆ ಹತ್ತರವರೆಗೆ ಎಣಿಸಿ, ಮತ್ತೆ ಒಂದರಿಂದ ಶುರುಮಾಡಿ. ಎಣಿಕೆ ತಪ್ಪುತ್ತದೆ. ಮೊದಲ ದಿನ ನಾನು ನಾಲ್ಕಕ್ಕೆ ತಲುಪುವಷ್ಟರಲ್ಲಿ ಬ್ಯಾಂಕಿನ ಕಂತು ಕಟ್ಟಲು ಹೋಗಿದ್ದೆ, ಅಲ್ಲಿಂದ ಭಾವನ ಮಗಳ ಮದುವೆಗೆ, ಅಲ್ಲಿಂದ ಎಲ್ಲಿಗೋ. ತಪ್ಪಿದ್ದು ಗೊತ್ತಾದಾಗ ಬೈದುಕೊಳ್ಳದೆ ಒಂದಕ್ಕೆ ಮರಳುವುದು, ಇದೇ ಅಭ್ಯಾಸ. ಹತ್ತರವರೆಗೆ ಎಣಿಸಿದ್ದು ಸಾಧನೆಯಲ್ಲ. ಮನಸ್ಸು ಹೋದದ್ದು ತಿಳಿಯುವ ಆ ಕ್ಷಣ ದಿನ ಕಳೆದಂತೆ ಬೇಗ ಬೇಗ ಬರತೊಡಗಿದರೆ ತಾಲೀಮು ಸರಿಯಾಗಿದೆ ಎಂದು ತಿಳಿಯಿರಿ.

ನಿದ್ದೆ ಬಂದರೆ ಕಣ್ಣು ತೆರೆದು ಮಳೆಯ ಸದ್ದು ಕೇಳಿ. ತಗಡಿನ ಮೇಲೆ ಬೀಳುವ ಮಳೆ ಬೇರೆ, ಹಂಚಿನ ಮೇಲಿನದು ಬೇರೆ, ಅಡಿಕೆ ಸೋಗೆಯಿಂದ ತಡವಾಗಿ ತೊಟ್ಟಿಕ್ಕುವುದು ಬೇರೆ. ಎಷ್ಟು ಬಗೆ ಕೇಳಿಸುತ್ತದೆ ಎಂದು ಗುರುತಿಸುತ್ತಾ ಹೋಗಿ. ಇನ್ನೊಂದು ಎಚ್ಚರಿಕೆ ಹೇಳಬೇಕು: ತೀವ್ರ ಖಿನ್ನತೆ, ಹಳೆಯ ಆಘಾತ ಇರುವವರಿಗೆ ಕಣ್ಣು ಮುಚ್ಚಿ ಕೂರುವುದರಿಂದ ಒಮ್ಮೊಮ್ಮೆ ಸಂಕಟ ಹೆಚ್ಚಾಗುತ್ತದೆ. ಹಾಗಾದರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಹಟ ಮಾಡುವ ಜಾಗ ಇದಲ್ಲ.

ಎರಡನೆಯ ವಾರ ಈ ಗಮನವನ್ನು ಕೈಕೆಲಸಕ್ಕೆ ತನ್ನಿ. ದಿನಕ್ಕೆ ಒಂದು ಕೆಲಸ ಆರಿಸಿ, ಇಪ್ಪತ್ತು ನಿಮಿಷ ಮಾತಿಲ್ಲದೆ ಮಾಡಿ, ಅಥವಾ ಬಲ್ಲವರು ಮಾಡುವುದನ್ನು ನೋಡುತ್ತಾ ಕೂರಿ. ನಾನು ಕೂತದ್ದು ತೊಡದೇವು ಎಂಬ ತೆಳ್ಳಗಿನ ಸಿಹಿತಿಂಡಿ ಎರೆಯುವವರ ಎದುರು. ಬೋರಲು ಹಾಕಿದ ಮಣ್ಣಿನ ಗಡಿಗೆ, ಕೆಳಗೆ ಬೆಂಕಿ. ಕೋಲಿಗೆ ಸುತ್ತಿದ ಬಟ್ಟೆಯನ್ನು ತೆಳ್ಳಗಿನ ಅಕ್ಕಿ ಹಿಟ್ಟಿನಲ್ಲಿ ಅದ್ದಿ ಒಂದೇ ಎಳೆತಕ್ಕೆ ಗಡಿಗೆಯ ಬೆನ್ನಿಗೆ ಬಳಿಯಬೇಕು. ಕಾವು ಏರಿದರೆ ಹಿಟ್ಟು ಹಿಡಿಯುವುದಿಲ್ಲ, ಇಳಿದರೆ ಹಾಳೆ ಏಳುವುದಿಲ್ಲ. ನಾನು ಅಲ್ಲಿಯವರೆಗೆ ಅದನ್ನು ನೂರು ಸಲ ತಿಂದಿದ್ದೆ, ಒಂದು ಸಲವೂ ನೋಡಿರಲಿಲ್ಲ. ಆ ದಿನ ಕಂಡದ್ದು: ಅವರು ಗಡಿಗೆಯನ್ನು ಮುಟ್ಟಿ ನೋಡುವುದೇ ಇಲ್ಲ. ಬಟ್ಟೆ ತಗುಲಿದಾಗ ಏಳುವ "ಸುಂಯ್" ಸದ್ದಿನ ಮೇಲೆ ಕಿವಿ ಇಟ್ಟಿರುತ್ತಾರೆ. ಸದ್ದು ಚುರುಕಾದರೆ ಒಂದು ಕೊಳ್ಳಿ ಹಿಂದಕ್ಕೆ ಎಳೆಯುತ್ತಾರೆ. ನಡುವೆ ಪಕ್ಕದವರೊಡನೆ ಹರಟೆಯೂ ನಡೆದಿರುತ್ತದೆ.

ಗಮನ ಎಂದರೆ ಹುಬ್ಬು ಗಂಟಿಕ್ಕುವುದಲ್ಲ ಎಂದು ನನಗೆ ಅರ್ಥವಾದದ್ದು ಅಲ್ಲಿ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಸಿಕೊಳ್ಳಿ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದಶಕಗಳ ಕಾಲ ದುಡಿದ ಆ ಹಾಲಕ್ಕಿ ಸಮುದಾಯದ ಹೆಣ್ಣುಮಗಳು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಾಡಿನಲ್ಲಿ ಯಾವುದು ತಾಯಿಮರ, ಅದರ ಬೀಜವನ್ನು ಯಾವ ಹೊತ್ತಿಗೆ ಹೆಕ್ಕಿದರೆ ಮೊಳಕೆ ಬರುತ್ತದೆ ಎಂಬುದನ್ನು ನೋಡಿ ನೋಡಿ ಕಲಿತವರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂದ ಮೇಲೆ ನಾವೆಲ್ಲ ಅವರನ್ನು ನೋಡಿದೆವು. ಅವರು ಮರ ನೋಡುತ್ತಿದ್ದುದು ಅದಕ್ಕೆ ಎಷ್ಟೋ ಮೊದಲಿನಿಂದ.

ಆರಿದ್ರಾ: ಮೂರು ಸಾಲಿನ ಪುಸ್ತಕ

ಬೆಳಗಿನ ಹತ್ತು ನಿಮಿಷ ಮುಂದುವರಿಯಲಿ. ಜೊತೆಗೆ ರಾತ್ರಿ ಮಲಗುವ ಮೊದಲು ನೋಟ್ ಪುಸ್ತಕದಲ್ಲಿ ಮೂರು ಸಾಲು: ಇಂದು ಏನು ಕಂಡೆ, ಯಾರ ಬಾಯಲ್ಲಿ ಏನು ಕೇಳಿದೆ, ನೋಡದೆ ಏನು ಅಂದುಕೊಂಡೆ. ಮೂರನೆಯ ಸಾಲೇ ಮುಖ್ಯ. ನನ್ನ ಪುಸ್ತಕದ ಒಂದು ದಿನ ಹೀಗಿದೆ: "ಹಪ್ಪಳದ ಕಟ್ಟಿನ ಮೂಲೆ ಒಡೆದಿದೆ, ಐದರಲ್ಲಿ ಎರಡು. ಬಸ್ಸಿನಲ್ಲಿ ಹಾಕುವಾಗ ಅಡಿಗೆ ಹಾಕುತ್ತಾರೆ ಎಂದು ಕಂಡಕ್ಟರ್ ಹೇಳಿದ. ಪ್ಯಾಕ್ ಮಾಡುವವರ ತಪ್ಪು ಎಂದುಕೊಂಡು ಬೆಳಗ್ಗೆ ರೇಗಿದ್ದೆ."

ಇದೇ ಹದಿನಾಲ್ಕು ದಿನಗಳಲ್ಲಿ ನಿಮ್ಮ ಸಿಟ್ಟಿನ ಗುರುತು ಹಿಡಿದಿಡಿ. ಕೆಲವರಿಗೆ ದವಡೆ ಬಿಗಿಯುತ್ತದೆ. ನನಗೆ ಕಿವಿ ಬಿಸಿಯಾಗುತ್ತದೆ. ಕಿವಿ ಬಿಸಿಯಾದಾಗ ಒಂದು ಉಸಿರು ಪೂರ್ತಿ ಹೊರಹೋಗುವವರೆಗೆ ಬಾಯಿ ತೆರೆಯದಿರುವುದು ನಾನು ಹಾಕಿಕೊಂಡ ನಿಯಮ. ಹತ್ತರಲ್ಲಿ ಆರು ಸಲ ಮರೆಯುತ್ತೇನೆ. ಉಳಿದ ನಾಲ್ಕು ಸಲವೂ ಮನೆಯವರಿಗೆ ದೊಡ್ಡ ಉಪಕಾರವೇ ಅಂತೆ.

ಪುನರ್ವಸು: ಕಟ್ಟು ಹಾಕಿಕೊಂಡು ಆಡುವುದು

ಹೊಸತನಕ್ಕೆ ಸ್ವಾತಂತ್ರ್ಯ ಬೇಕು ಎನ್ನುತ್ತಾರೆ. ನಮ್ಮ ಜಿಲ್ಲೆಯವರು ಇದನ್ನು ನಂಬಬಾರದು, ಏಕೆಂದರೆ ನಾವು ತಾಳಮದ್ದಳೆ ಕೇಳಿ ಬೆಳೆದವರು. ಯಕ್ಷಗಾನ ಮೇಳಗಳ ತಿರುಗಾಟ ನಿಂತ ಈ ಮಳೆಗಾಲದಲ್ಲಿಯೇ ಅದರ ಕೂಟಗಳು ಹೆಚ್ಚು. ವೇಷವಿಲ್ಲ, ಕುಣಿತವಿಲ್ಲ. ಪದ್ಯ ಮೊದಲೇ ಬರೆದದ್ದು, ತಾಳ ಗೊತ್ತಿರುವುದು, ಕರ್ಣ ಸಾಯಲೇಬೇಕು ಎಂಬುದು ಕೇಳುವ ಮಕ್ಕಳಿಗೂ ತಿಳಿದಿದೆ. ಆದರೂ ಅರ್ಥಧಾರಿ ಆಡುವ ಮಾತು ಆ ಕ್ಷಣದ್ದು, ಎದುರು ಕೂತವರು ಎಸೆದ ಪ್ರಶ್ನೆಗೆ ಹುಟ್ಟಿದ್ದು. ಸುತ್ತ ಕಟ್ಟು ಬಿಗಿಯಾಗಿರುವುದರಿಂದಲೇ ಮಾತು ಹೊಸ ದಾರಿ ಹುಡುಕುತ್ತದೆ.

ಆದ್ದರಿಂದ ಮೊದಲ ಕೆಲಸ, ನಿಮ್ಮ ಸಮಸ್ಯೆಯನ್ನು ಒಂದೇ ವಾಕ್ಯದಲ್ಲಿ ಬರೆದು ಅದಕ್ಕೆ ಒಂದು ಕಟ್ಟು ಹಾಕಿ. "ಲಾಭ ಹೆಚ್ಚಿಸುವುದು ಹೇಗೆ" ಎಂಬುದು ಪ್ರಶ್ನೆಯಲ್ಲ, ನಿಟ್ಟುಸಿರು. "ಉದುರಿದ ಮಿಡಿಯನ್ನು ಎಸೆಯದೆ, ಹೊಸ ಯಂತ್ರ ಕೊಳ್ಳದೆ, ಬಂದ ದಿನವೇ ಏನು ಮಾಡಬಹುದು?" ಇದು ಪ್ರಶ್ನೆ. ನಾವು ಹಾಕಿಕೊಂಡದ್ದು ಇದನ್ನೇ.

ಎರಡನೆಯದು, ಮೂರು ದಿನ ಸುಮ್ಮನೆ ಮಾಹಿತಿ ಕೂಡಿಸಿ, ಆಮೇಲೆ ಎರಡು ದಿನ ಅದನ್ನು ಪೂರ್ತಿ ಬಿಟ್ಟುಬಿಡಿ. ಗ್ರಹಾಂ ವಾಲಸ್ ಎಂಬ ಇಂಗ್ಲಿಷ್ ಚಿಂತಕರು 1926ರಲ್ಲಿಯೇ ಹೊಸ ಯೋಚನೆ ಹುಟ್ಟುವ ಕ್ರಮವನ್ನು ನಾಲ್ಕು ಹಂತಗಳಾಗಿ ಬಿಡಿಸಿದ್ದರು: ಸಿದ್ಧತೆ, ಕಾವು ಕೂರುವುದು, ಹೊಳೆಯುವುದು, ಒರೆಗೆ ಹಚ್ಚುವುದು. ನಮ್ಮಂಥ ವ್ಯಾಪಾರಿಗಳು ಮೊದಲನೆಯದರಿಂದ ನೇರ ಮೂರನೆಯದಕ್ಕೆ ಹಾರಲು ನೋಡುತ್ತೇವೆ. ಕೋಳಿಗೆ ಕಾವು ಕೂರಲು ಬಿಡದೆ ಮೊಟ್ಟೆ ಅಲ್ಲಾಡಿಸಿ ನೋಡಿದ ಹಾಗೆ.

ಮೂರನೆಯದು, ಎಲ್ಲರನ್ನೂ ಕೇಳುವುದು. ಇಲ್ಲಿ ಒಂದು ಸಾಮಾನ್ಯ ತಪ್ಪಿದೆ. ಎಲ್ಲರನ್ನೂ ಸುತ್ತ ಕೂರಿಸಿ "ಐಡಿಯಾ ಹೇಳಿ" ಎಂದರೆ ಜೋರು ಬಾಯಿಯವರ ಎರಡು ಮಾತು ಬರುತ್ತವೆ, ಉಳಿದವರು ತಲೆಯಾಡಿಸುತ್ತಾರೆ. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದ ಪ್ರಯೋಗವೊಂದರಲ್ಲಿ, ಗುಂಪಾಗಿ ಕೂತು ಯೋಚಿಸಿದವರಿಗಿಂತ ಅಷ್ಟೇ ಸಂಖ್ಯೆಯ ಜನ ಒಬ್ಬೊಬ್ಬರೇ ಯೋಚಿಸಿ ಕೊನೆಗೆ ಒಟ್ಟುಗೂಡಿಸಿದಾಗ ಹೆಚ್ಚು ಯೋಚನೆಗಳು ಬಂದದ್ದು ಕಂಡಿತು. ಆದ್ದರಿಂದ ಮೊದಲು ಒಬ್ಬೊಬ್ಬರಿಗೂ ಚೀಟಿ ಕೊಡಿ. ಬರೆಯಲು ಹಿಂಜರಿಯುವವರ ಹತ್ತಿರ ನೀವೇ ಹೋಗಿ, ಕೆಲಸದ ನಡುವೆ ಕೇಳಿ, ನೀವು ಬರೆದುಕೊಳ್ಳಿ, ಹೆಸರು ಹಾಕಬೇಡಿ. ಎಲ್ಲ ಚೀಟಿಗಳನ್ನು ಚಾಪೆಯ ಮೇಲೆ ಹರಡಿ ಓದಿ ಹೇಳಿ. ಪ್ರತಿಯೊಬ್ಬರ ಕೈಗೆ ಮೂರು ಗೋಟಡಿಕೆ ಕೊಡಿ. ಇಷ್ಟವಾದ ಚೀಟಿಯ ಮೇಲೆ ಇಡಲಿ, ಬೇಕಿದ್ದರೆ ಮೂರನ್ನೂ ಒಂದರ ಮೇಲೆಯೇ ಇಡಲಿ. ನಿಮ್ಮ ಅಡಿಕೆ ಕೊನೆಯಲ್ಲಿ.

ನಮ್ಮ ಚಾಪೆಯ ಮೇಲೆ ಹದಿನೇಳು ಚೀಟಿ ಬಿದ್ದವು. ಅರ್ಧಕ್ಕರ್ಧ ಕೆಲಸಕ್ಕೆ ಬಾರದವು. ಒಂದರಲ್ಲಿ "ಉದುರಿಸುವವನಿಗೆ ಎರಡು ಬಿಡಿ" ಎಂದಿತ್ತು, ಅದಕ್ಕೆ ನಾಲ್ಕು ಅಡಿಕೆ ಬಿದ್ದವು. ಹೆಚ್ಚು ಅಡಿಕೆ ಬಿದ್ದದ್ದು ಅಪ್ಪೆಹುಳಿಯ ಚೀಟಿಗೆ. ಪೆಟ್ಟಾದ ಮಿಡಿಯನ್ನು ಅಂದೇ ಬೇಯಿಸಿ, ಹಿಂಡಿ, ಉಪ್ಪು ಹಾಕಿ ಗಟ್ಟಿರಸ ಮಾಡಿಟ್ಟರೆ ಮನೆಯವರು ನೀರು ಸೇರಿಸಿ ಒಗ್ಗರಣೆ ಕೊಟ್ಟುಕೊಳ್ಳುತ್ತಾರಲ್ಲ ಎಂಬ ಯೋಚನೆ. ನಮ್ಮೂರಿನ ಪ್ರತಿ ಮನೆಯಲ್ಲೂ ಬೇಸಿಗೆಯ ಮಧ್ಯಾಹ್ನ ಲೋಟಗಟ್ಟಲೆ ಕುಡಿದು ನಿದ್ದೆ ಹೊಡೆಯುವ ಪದಾರ್ಥ! ಅದನ್ನು ಮಾರಬಹುದು ಎಂದು ನನಗೆ ಹದಿನೈದು ವರ್ಷ ಹೊಳೆದಿರಲಿಲ್ಲ.

ನಾಲ್ಕನೆಯದು, ಸಣ್ಣದಾಗಿ ಮಾಡಿ ನೋಡುವುದು. ಇಪ್ಪತ್ತು ಬಾಟಲಿ, ಮೂರು ಅಂಗಡಿ, ಹದಿನೈದು ದಿನ. ಶುರುಮಾಡುವ ಮೊದಲೇ ಸೋಲು ಎಂದರೇನು ಎಂದು ಬರೆದಿಡಿ. "ಎಂಟಕ್ಕಿಂತ ಕಡಿಮೆ ಹೋದರೆ ಬಿಡುವುದು" ಎಂದು ನಾವು ಬರೆದಿದ್ದೆವು. ಮುಂದಿನ ಬೇಸಿಗೆಯಲ್ಲಿ ಮಾಡಿದಾಗ ಹನ್ನೊಂದು ಹೋದವು, ಮೂರು ಹುಳಿತು ಉಬ್ಬಿ ವಾಪಸು ಬಂದವು. ಅಲ್ಲಿಂದ ಬಾಟಲಿ ಕುದಿಸುವ ಕ್ರಮ ಬದಲಿಸಿದೆವು. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತಾ ನೋಂದಣಿಯಲ್ಲಿ ಹೊಸ ಪದಾರ್ಥ ಸೇರಿಸುವುದನ್ನು ಮಾರುವ ಮೊದಲೇ ಮುಗಿಸಿಕೊಳ್ಳಿ.

ಪುಷ್ಯ: ಹಿಂದೆ ಕೂತು ನಡೆಸುವುದು

ಬಡಗುತಿಟ್ಟಿನ ಯಕ್ಷಗಾನದ ಆಟದಲ್ಲಿ ಹಾಡುವ ಭಾಗವತರು ಕೂರುವುದು ರಂಗದ ಹಿಂಬದಿಯಲ್ಲಿ. ಜನರ ಕಣ್ಣು ವೇಷದ ಮೇಲೆ. ಆದರೆ ಪದ್ಯ ಎತ್ತುವುದು, ಲಯ ಏರಿಸುವುದು, ಕುಣಿತ ಸಾಕು ಎಂದು ಮುಕ್ತಾಯಕ್ಕೆ ತರುವುದು ಎಲ್ಲವೂ ಅವರ ಕೈಯ ತಾಳದಲ್ಲಿದೆ. ಹೊಸ ಹುಡುಗ ಹೆಜ್ಜೆ ತಪ್ಪಿದರೆ ಭಾಗವತರು ಎದ್ದು ಬಂದು ಕುಣಿಯುವುದಿಲ್ಲ. ಅವನು ಹಿಡಿದುಕೊಳ್ಳುವವರೆಗೆ ಅದೇ ಸಾಲನ್ನು ಮತ್ತೊಮ್ಮೆ ಹಾಡುತ್ತಾರೆ. ನನಗೆ ಗೊತ್ತಿರುವ ಮುಂದಾಳುತನದ ಮಾದರಿಗಳಲ್ಲಿ ಇದಕ್ಕಿಂತ ಒಳ್ಳೆಯದು ಇಲ್ಲ. ಕರಾವಳಿಯವರು ರಾಂಪಣಿಯನ್ನು ನೆನೆಸಿಕೊಳ್ಳಬಹುದು: ದಡದಲ್ಲಿ ಎರಡು ಸಾಲು ಜನ ಬಲೆಯ ಎರಡು ತುದಿ ಎಳೆಯುವಾಗ ಒಂದು ಕಡೆಯವರು ಬಲ ತೋರಿಸಲು ಹೋದರೆ ಬಂಗಡೆ ಇನ್ನೊಂದು ಕಡೆಯಿಂದ ಪಾರು.

ಮಾಡಬೇಕಾದದ್ದು ಇಷ್ಟು. ವಾರಕ್ಕೊಮ್ಮೆ ಹದಿನೈದು ನಿಮಿಷ ಎಲ್ಲರೂ ಜಗುಲಿಯಲ್ಲಿ ಕೂರಿ; ಯಜಮಾನರ ಮಾತು ಕೊನೆಗೆ. ವಾರಕ್ಕೆ ಒಂದು ಗಂಟೆ ಅಂಗಡಿಯ ಅತಿ ಕೆಳಗಿನ ಕೆಲಸ ನೀವೇ ಮಾಡಿ. ನಾನು ಭರಣಿ ತೊಳೆಯುತ್ತೇನೆ, ಈಗಲೂ ಚೆನ್ನಾಗಿ ಬರುವುದಿಲ್ಲ.

ನಿಮ್ಮ ಧ್ಯೇಯ ಬರೆಯುವುದಾದರೆ ಬರೀ ಕ್ರಿಯಾಪದಗಳಲ್ಲಿ ಬರೆಯಿರಿ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಆ ಅಪ್ಪಿಕೋ ಚಳವಳಿ ಊರೂರಿಗೆ ಹಬ್ಬಿದ್ದು ಮೂರು ಮಾತಿನಲ್ಲಿ: ಉಳಿಸು, ಬೆಳೆಸು, ಬಳಸು. ಇದರಲ್ಲಿ ವಿಶೇಷಣವೇ ಇಲ್ಲ. "ಅತ್ಯುತ್ತಮ ಗುಣಮಟ್ಟದ ವಿಶ್ವಾಸಾರ್ಹ ಸೇವೆ" ಎಂದು ಗೋಡೆಗೆ ಬರೆಸಿದವರಲ್ಲಿ ನಾನೂ ಒಬ್ಬ. ಅದನ್ನು ಓದಿ ಯಾರೂ ಒಂದು ಕೆಲಸವನ್ನೂ ಬೇರೆ ರೀತಿ ಮಾಡಲಿಲ್ಲ. ಸುಣ್ಣ ಬಳಿದು "ನೋಡು, ಕೇಳು, ಹಾಕು" ಎಂದು ಬರೆಸಿದ್ದೇವೆ.

ಇನ್ನು ಕೆಂಪು ಬಟ್ಟೆ. ಜಪಾನಿನ ಟೊಯೋಟಾ ಕಾರ್ಖಾನೆಗಳಲ್ಲಿ ದೋಷ ಕಂಡ ಕೆಲಸಗಾರ ಹಗ್ಗ ಎಳೆದು ಇಡೀ ಸಾಲನ್ನೇ ನಿಲ್ಲಿಸಬಹುದು ಎಂದು ಓದಿದ್ದೆ. ನಮ್ಮಲ್ಲಿ ಕಂಬಕ್ಕೆ ಒಂದು ಕೆಂಪು ವಸ್ತ್ರದ ತುಂಡು ಸಿಕ್ಕಿಸಿದೆವು. ಯಾರೇ ಅದನ್ನು ಕೆಳಗೆ ಇಳಿಸಿದರೂ ಕೆಲಸ ನಿಲ್ಲಬೇಕು. ಮೂರು ವಾರ ಯಾರೂ ಮುಟ್ಟಲಿಲ್ಲ. ಒಂದು ಸಂಜೆ ಹುಬ್ಬಳ್ಳಿಗೆ ಹೋಗಬೇಕಾದ ಮಾಲು ತುಂಬುತ್ತಿದ್ದಾಗ, ಕೆಲಸಕ್ಕೆ ಸೇರಿ ಎರಡೇ ತಿಂಗಳಾದ ಹುಡುಗಿಯೊಬ್ಬಳು ಹೋಗಿ ಬಟ್ಟೆ ಇಳಿಸಿದಳು. ಬಾಟಲಿಗಳ ಒಳಗೆ ಪಸೆ ಇತ್ತು. ಮಳೆಗಾಲದ ಪಸೆಯ ಮೇಲೆ ಉಪ್ಪಿನಕಾಯಿ ತುಂಬಿದರೆ ವಾರದಲ್ಲಿ ಬೂಷ್ಟು. ವಾಹನ ಹೊರಡಲು ನಲವತ್ತು ನಿಮಿಷವಿತ್ತು. ನನ್ನ ಎರಡೂ ಕಿವಿ ಬಿಸಿಯಾದವು.

ಇಂಥ ಹೊತ್ತಿನಲ್ಲಿ ನಿಮ್ಮ ಬಾಯಿಂದ ಬರುವ ಮೊದಲ ವಾಕ್ಯದ ಮೇಲೆ ಎಲ್ಲವೂ ನಿಂತಿದೆ. "ಯಾಕೆ?" ಎಂದರೂ ಅದು ಗದರಿಕೆಯಾಗಿಯೇ ಕೇಳುತ್ತದೆ. "ಒಳ್ಳೆಯದಾಯಿತು, ತೋರಿಸು" ಎಂದು ಮೊದಲೇ ಬಾಯಿಪಾಠ ಮಾಡಿಟ್ಟುಕೊಳ್ಳಿ. ಆ ಕ್ಷಣಕ್ಕೆ ಹುಟ್ಟುವುದಿಲ್ಲ. ನಾನು ಹಾಗೆ ಹೇಳಿದೆ, ಧ್ವನಿ ಮಾತ್ರ ನನ್ನದಾಗಿರಲಿಲ್ಲ. ವಾಹನ ಹೋಯಿತು, ಅಂಗಡಿಯವರು ಬೈದರು. ಮರುದಿನ ಮಿಡಿ ಆರಿಸುವ ಅಕ್ಕ ತಾವಾಗಿಯೇ ಬಂದು ಸಾಸಿವೆ ಕಹಿಯಿದೆ ಎಂದು ಹೇಳಿದರು. ಎರಡು ಸಲ ಹೇಳಿದರು.

ಕೊನೆಯ ಎರಡು ದಿನ: ಇಲ್ಲದಿರುವುದು

1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳ ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ದಾಟಿ ಇಂದಿಗೂ ಗೆಜ್ಜೆ ಕಟ್ಟುತ್ತಿದೆ. ನೀವು ಕಟ್ಟಿದ್ದು ನೀವಿಲ್ಲದೆ ಎರಡು ದಿನ ನಡೆಯುತ್ತದೆಯೇ ಎಂಬುದನ್ನಾದರೂ ನೋಡಿಕೊಳ್ಳಿ. ಫೋನನ್ನು ಮನೆಯಲ್ಲಿಯೇ ಬಿಟ್ಟು ಹೋಗಿ. ಬೀಗದ ಕೈ, ಹಣದ ಪೆಟ್ಟಿಗೆ, ತೀರ್ಮಾನ ಮೂರನ್ನೂ ಕೊಟ್ಟು ಹೋಗಿ. ಎರಡು ಕೊಟ್ಟು ಒಂದನ್ನು ಜೇಬಿನಲ್ಲಿ ಇಟ್ಟುಕೊಂಡರೆ ಪರೀಕ್ಷೆಯೇ ಆಗುವುದಿಲ್ಲ.

ನಾನು ಕಾರವಾರಕ್ಕೆ ಹೋದೆ. ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಬಂದು ಇದ್ದ ಊರು ಅದು. ಲೋಕದ ಹಂಗು ಹರಿದುಕೊಂಡ ಸನ್ಯಾಸಿಯೊಬ್ಬ ಪುಟ್ಟ ಹುಡುಗಿಯ ಅಕ್ಕರೆಗೆ ಸೋತು ಲೋಕಕ್ಕೆ ಮರಳುವ ನಾಟಕವನ್ನು ಅವರು ಬರೆದದ್ದು ಅಲ್ಲಿಯೇ. ಅವರ ಹೆಸರಿನ ಕಡಲತೀರದಲ್ಲಿ ಕೊಡೆ ಹಿಡಿದು ಕೂತು ಹತ್ತರವರೆಗೆ ಎಣಿಸಿದೆ. ಮೊದಲ ದಿನ ಎಣಿಕೆ ಮೂರಕ್ಕೆ ಬಂದಾಗಲೆಲ್ಲ ಅಂಗಡಿಯ ಬಾಗಿಲು ಕಾಣುತ್ತಿತ್ತು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಲೆಯ ಸದ್ದು ಮಾತ್ರ ಉಳಿಯಿತು.

ವಾಪಸು ಬಂದಾಗ ಬಾಗಿಲಲ್ಲಿಯೇ ನಿಂತೆ. ನನ್ನ ಮೇಜು ಇರಲಿಲ್ಲ. ಅದು ಇದ್ದ ಮೂಲೆಯಲ್ಲಿ ಆರು ಭರಣಿಗಳು ಸಾಲಾಗಿ ಕೂತಿದ್ದವು. ಇಡೀ ಕೋಣೆಯಲ್ಲಿ ಗೋಡೆಗೆ ಪಸೆ ಹಿಡಿಯದ ಜಾಗ ಅದೊಂದೇ ಎಂದು ಅಕ್ಕ ಹೇಳಿದರು. ಹೌದು, ಹಿಂದೆ ಅಡುಗೆಮನೆಯ ಒಲೆಯ ಗೋಡೆ. ಮೇಜನ್ನು ಎಲ್ಲಿಟ್ಟಿದ್ದೀರಿ ಎಂದು ಕೇಳಿದೆ. ಹಿತ್ತಿಲ ಕೊಟ್ಟಿಗೆಯಲ್ಲಿ, ಅದರ ಮೇಲೆ ಸೌತೆಕಾಯಿ ಪೇರಿಸಿದ್ದರು. ಲೆಕ್ಕದ ಪುಸ್ತಕವನ್ನು ಜಗುಲಿಗೆ ತಂದು ಕೂತೆ. ಈಗಲೂ ಅಲ್ಲಿಯೇ ಬರೆಯುತ್ತೇನೆ.